ಅಕ್ಕನ ಸೀರೆಗೆ ಹತ್ತಿದ ಬಣ್ಣ

ಒಂದು ಸಂಗತಿಯನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಐವತ್ತೆರಡು ವರ್ಷ ತುಂಬುವವರೆಗೂ ನಾನು ಒಂದು ಬನಿಯನ್ನನ್ನೂ ಸ್ವಂತ ಕೈಯಿಂದ ಒಗೆದವನಲ್ಲ. ಮೊದಲು ಅವ್ವ ಒಗೆದಳು, ಆಮೇಲೆ ಅಕ್ಕ, ಆಮೇಲೆ ಹೆಂಡತಿ, ಈಗ ಯಂತ್ರ. ಇಂಥವನು ಬಟ್ಟೆಗೆ ಗಿಡಗಳ ಬಣ್ಣ ಹಾಕಲು ಹೊರಟನೆಂದರೆ ನಿಮಗೆ ನಗು ಬರಬಹುದು. ನಗಿ, ಅಡ್ಡಿಯಿಲ್ಲ. ಬೀದರಿನಲ್ಲಿ ಈಗಾಗಲೇ ಸಾಕಷ್ಟು ಜನ ನಕ್ಕಿದ್ದಾರೆ. ಭಾಲ್ಕಿಯಲ್ಲಂತೂ ಒಂದು ಇಡೀ ಚರ್ಚು ನಕ್ಕಿದೆ.

ಎಲ್ಲ ಶುರುವಾದದ್ದು ಫೋನಿನಲ್ಲಿ ನೋಡಿದ ಒಂದು ವಿಡಿಯೋದಿಂದ. ಯಾರೋ ಒಬ್ಬಾಕೆ ಉಳ್ಳಾಗಡ್ಡಿ ಸಿಪ್ಪೆ ಕುದಿಸಿ, ಅದರಲ್ಲಿ ಬಿಳಿ ಬಟ್ಟೆ ಅದ್ದಿ, ಜೇನಿನ ಬಣ್ಣ ಮಾಡಿ ಮೇಲೆತ್ತುತ್ತಾಳೆ. ಎರಡು ನಿಮಿಷದ ಕೆಲಸ. ನಾನು ಬೀದರಿನ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮಾಸ್ತರ. ಎರಡು ನಿಮಿಷದಲ್ಲಿ ಕಲಿತದ್ದನ್ನು ನಲವತ್ತು ನಿಮಿಷ ಹೇಳುವುದು ನಮಗೆ ಕಷ್ಟವಲ್ಲ. ಮರುದಿನದಿಂದಲೇ ಸ್ಟಾಫ್ ರೂಮಿನಲ್ಲಿ ಕಾರ್ಖಾನೆಯ ಬಣ್ಣಗಳ ಕೇಡಿನ ಕುರಿತು ನನ್ನ ಉಪನ್ಯಾಸ ಶುರುವಾಯಿತು. ಮನೆಯಲ್ಲಿ ಬೀಟ್ರೂಟ್ ಕುದಿಸಿ ಎರಡು ಬನಿಯನ್ ಗುಲಾಬಿ ಮಾಡಿದೆ. ಮೊದಲ ನೀರಿಗೇ ಗುಲಾಬಿಯೆಲ್ಲ ಬಚ್ಚಲಿನ ಪಾಲಾಯಿತು. ಅದನ್ನು ನಾನು ಸ್ಟಾಫ್ ರೂಮಿನಲ್ಲಿ ಹೇಳಲಿಲ್ಲ.

ಹೇಳಿದ್ದರೆ ಸುದ್ದಿ ಭಾಲ್ಕಿಗೆ ಮುಟ್ಟುತ್ತಿತ್ತು, ಅಕ್ಕ ಎಚ್ಚರಾಗುತ್ತಿದ್ದಳು. ಅಕ್ಕ ಅಲ್ಲಿನ ಆಸ್ಪತ್ರೆಯೊಂದರಲ್ಲಿ ಮೂವತ್ತೊಂದು ವರ್ಷ ನರ್ಸ್ ಆಗಿದ್ದವಳು. ಅಷ್ಟೂ ವರ್ಷ ಡ್ಯೂಟಿಗೆ ಬಿಳಿ ಸೀರೆ, ಗಂಜಿ ಹಾಕಿದ್ದು, ಒಂದು ಸುಕ್ಕಿಲ್ಲದ್ದು. ನಿವೃತ್ತಿಯಾದ ಮೇಲೆ ಒಂದು ದಿನ ತೆಳ್ಳಗೆ ಮೆತ್ತಗಾಗಿದ್ದ ಹತ್ತಿ ಸೀರೆಯೊಂದನ್ನು ನನ್ನ ಕೈಗಿಟ್ಟಳು. ಉಡಲು ಕಾರಣವಿಲ್ಲ, ಹರಿದು ಒರೆಸುವ ಅರಿವೆ ಮಾಡಲು ಮನಸ್ಸಿಲ್ಲ, ನಿನಗೇನೋ ಬಣ್ಣ ಹಾಕಲು ಬರುತ್ತದಂತಲ್ಲ, ಹಾಕಿಕೊಡು ಎಂದಳು.

ನಾನು ಆರಿಸಿದ್ದು ಅರಿಶಿಣ. ಸುಲಭ, ಅಡುಗೆಮನೆಯಲ್ಲೇ ಇತ್ತು. ಪಾತ್ರೆ ತುಂಬ ನೀರು, ಎರಡು ಮುಷ್ಟಿ ಅರಿಶಿಣ, ಮೇಲೆ ಅಕ್ಕನ ಸೀರೆ. ಅಬ್ಬಾ, ಏನು ಹಳದಿ! ಹೆಂಡತಿ ಕೂಡ ಅಡುಗೆಮನೆಯ ಬಾಗಿಲಿಗೆ ಬಂದು ನಿಂತು, ಛಲೋ ಬಂದಿದೆ ಎಂದಳು. ಹಾಗೆನ್ನುವುದು ಅವಳ ಅಭ್ಯಾಸವಲ್ಲ.

ಮುಂದಿನ ರವಿವಾರ ನಾನು ಭಾಲ್ಕಿಗೆ ಹೋಗಿದ್ದೆ, ಅಕ್ಕ ಆ ಸೀರೆ ಉಟ್ಟು ಚರ್ಚಿಗೆ ಬಂದಳು. ಆರಾಧನೆ ಮುಗಿದು ಅಂಗಳದಲ್ಲಿ ಚಹಾ ಹಂಚುವಾಗ ಅವಳ ಸುತ್ತ ಹೆಂಗಸರು ನೆರೆದರು. ತಮ್ಮ ಹಾಕಿಕೊಟ್ಟ ಬಣ್ಣ ಎಂದು ಅಕ್ಕ ಎಲ್ಲರಿಗೂ ಹೇಳಿದಳು. ನಾನು ನಿಸರ್ಗದ ಕುರಿತು ನಾಲ್ಕು ಮಾತಾಡಲು ಗಂಟಲು ಸರಿಮಾಡಿಕೊಂಡೆ. ಆಗಲೇ ಯಾರದೋ ಕಪ್ಪಿನಿಂದ ಚಹಾ ತುಳುಕಿ ಅವಳ ಸೆರಗಿನ ಮೇಲೆ ಬಿತ್ತು. ಒಬ್ಬಾಕೆ ಲಗುಬಗೆಯಿಂದ ನಳದ ಬಳಿಯಿದ್ದ ಸಾಬೂನು ತಂದು ತಿಕ್ಕಿದಳು. ತಿಕ್ಕಿದಲ್ಲೆಲ್ಲ ಸೆರಗು ಕೆಂಪಾಯಿತು. ಇನ್ನಷ್ಟು ತಿಕ್ಕಿದಳು. ಇನ್ನಷ್ಟು ಕೆಂಪಾಯಿತು.

ಎಲ್ಲರೂ ಬಗ್ಗಿ ಸೆರಗು ನೋಡತೊಡಗಿದರು. ಒಬ್ಬ ತರುಣಿ ಮಾತ್ರ ಬಹಳ ವಿನಯದಿಂದ ಮುಂದೆ ಬಂದಳು. ನನ್ನ ಹಳೆಯ ವಿದ್ಯಾರ್ಥಿನಿ, ಈಗ ತಾನೂ ಶಿಕ್ಷಕಿ.

"ಸರ್, ಇದು ನೀವೇ ನಮಗ ಕಲಿಸಿದ್ರಿ. ಅರಿಶಿಣದ ಕಾಗದಕ್ಕ ಸಾಬೂನ್ ನೀರ್ ಹಾಕಿದ್ರ ಕೆಂಪಾಗ್ತದ ಅಂತ. ಪರೀಕ್ಷಾದಾಗ ಎರಡು ಮಾರ್ಕಿಗಿ ಬಂದಿತ್ರಿ."

ಹೌದು. ಇಪ್ಪತ್ತಾರು ವರ್ಷದಿಂದ ಪ್ರತಿ ವರ್ಷ ಆ ಕಾಗದದ ಪ್ರಯೋಗ ಮಾಡಿ ತೋರಿಸಿದ್ದೇನೆ. ಕಾಗದಕ್ಕೆ ಆಗುವುದು ಸೀರೆಗೂ ಆದೀತೆಂದು ನನಗೆ ಹೊಳೆದಿರಲಿಲ್ಲ. ಪಾಠ ಬೇರೆ, ಮನೆ ಬೇರೆ ಎಂದು ನನ್ನ ತಲೆ ಎಂದೋ ಗೋಡೆ ಕಟ್ಟಿಕೊಂಡಿತ್ತು. ಅಕ್ಕ ಸೆರಗನ್ನು ಎತ್ತಿ ನೋಡಿ, "ಆಪರೇಷನ್ ಥೇಟರ್‌ದಾಗೂ ನನ್ನ ಸೀರಿ ಇಷ್ಟ್ ಕೆಂಪಾಗಿರ್ಲಿಲ್ಲ ತಮ್ಮಾ" ಎಂದಳು. ಆಗ ಎಲ್ಲರೂ ನಕ್ಕದ್ದು.

ನಾನೂ ನಕ್ಕೆ. ಆದರೆ ಮನೆಗೆ ನಡೆಯುತ್ತ ಅಕ್ಕ ಮೆಲ್ಲಗೆ ಹೇಳಿದಳು, ಅದು ತಾನು ಡ್ಯೂಟಿಯ ಕೊನೆಯ ದಿನ ಉಟ್ಟ ಸೀರೆ ಎಂದು. ದೂರಿನ ದನಿ ಅದರಲ್ಲಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು. ಬೀದರಿಗೆ ತಂದು ಲಿಂಬೆಹಣ್ಣಿನ ನೀರಲ್ಲಿ ಅದ್ದಿದೆ, ಹಳದಿ ಮರಳಿತು. ಬಿಸಿಲಿಗೆ ಹಾಕಿದೆ, ಮಡಿಕೆಯ ಒಳಗೊಂದು ಬಣ್ಣ, ಹೊರಗೊಂದು ಬಣ್ಣವಾಯಿತು. ಬಲ್ಲವರನ್ನು ಕೇಳುವುದೊಂದೇ ಉಳಿದಿತ್ತು. ಮಾಸ್ತರನಿಗೆ ಅದಕ್ಕಿಂತ ಕಷ್ಟದ ಕೆಲಸವಿಲ್ಲ.

ಸಹೋದ್ಯೋಗಿಯೊಬ್ಬರು ಡಾಬಕಾದ ಸೋನಾಬಾಯಿಯ ಹೆಸರು ಹೇಳಿದರು. ಕೌದಿ ಹೊಲಿಯುವಾಕೆ, ಕೌದಿಯ ಹಳೆ ಅರಿವೆಗಳಿಗೆ ತಾನೇ ಬಣ್ಣ ಹಾಕುವಾಕೆ. ಔರಾದಿನಲ್ಲಿ ಬಸ್ಸು ಬದಲಿಸಿ, ಬಗಲಲ್ಲಿ ಸೀರೆ, ಜೇಬಲ್ಲಿ ನೋಟುಪುಸ್ತಕ ಹೊತ್ತು ಹೋದೆ. ಪಟಿಕ ಎಷ್ಟು ಗ್ರಾಂ, ನೀರಿನ ಉಷ್ಣತೆ ಎಷ್ಟು ಎಂದು ಒಂದೇ ಉಸಿರಿನಲ್ಲಿ ಕೇಳಿದೆ. ಆಕೆ ಸೀರೆಯ ಅಂಚನ್ನು ಬೆರಳಲ್ಲಿ ಉಜ್ಜಿ ನೋಡಿದಳು.

"ಗಂಜಿ ಹೋಗಿಲ್ರಿ ಮಾಸ್ತರ್. ಹೊಟ್ಟಿ ತುಂಬಿದ ಅರಿವಿ ಬಣ್ಣ ಹ್ಯಾಂಗ ಕುಡೀತದ? ಮೊದಲ ಒಗೀರಿ."

ಬಾವಿಯ ಕಟ್ಟೆಯ ಹತ್ತಿರ ಕೂತು ಒಗೆದೆ. ಒಗೆಯುವ ನನ್ನ ರೀತಿ ನೋಡಿ ಆಕೆ ಮೂರು ಸಲ ಮತ್ತೆ ಒಗೆಸಿದಳು. ಆಮೇಲೆ ಅಳಲೆಕಾಯಿಯ ನೀರು, ಆಮೇಲೆ ಪಟಿಕದ ನೀರು. ಕ್ಷೌರದಂಗಡಿಯಲ್ಲಿ ಗದ್ದಕ್ಕೆ ಉಜ್ಜುತ್ತಾರಲ್ಲ, ಅದೇ ಪಟಿಕ. ಬಣ್ಣಕ್ಕೂ ಬಟ್ಟೆಗೂ ನೇರ ಪರಿಚಯವಿಲ್ಲ. ಇದು ನಡುವೆ ಕೂತು ಸಂಬಂಧ ಕುದುರಿಸುತ್ತದೆ. ಆಮೇಲೆ ದಾಳಿಂಬೆ ಸಿಪ್ಪೆಯ ಕಷಾಯ. ಕೊನೆಗೆ, ಹಳೆಯ ಮೊಳೆಗಳನ್ನು ಬೆಲ್ಲದ ನೀರಲ್ಲಿ ವಾರಗಟ್ಟಲೆ ನೆನೆಹಾಕಿದ್ದ ಮಡಕೆಯಿಂದ ಒಂದೆರಡು ಬಟ್ಟಲು ಕಪ್ಪು ನೀರು. ಆ ನೀರಿಗೆ ಬಿದ್ದದ್ದೇ ತಡ ಹಳದಿ, ಕಲೆ ಎಲ್ಲ ಅಡಗಿ ಸೀರೆ ಬೇರೆಯೇ ಆಯಿತು. ಮಳೆಯಾದ ಮೇಲೆ ಔರಾದಿನ ಕಪ್ಪು ಎರೆಮಣ್ಣಿನ ಹೊಲ ಇರುತ್ತದಲ್ಲ, ಅದಕ್ಕೆ ಚೂರು ಹಸಿರು ಸೇರಿದ ಬಣ್ಣ. ನನ್ನ ನೋಟುಪುಸ್ತಕದಲ್ಲಿ ಒಂದು ಅಂಕಿಯೂ ಇರಲಿಲ್ಲ, ಬೆರಳುಗಳೆಲ್ಲ ಮಾತ್ರ ಕಪ್ಪಾಗಿದ್ದವು.

ಸೀರೆಯ ಜೊತೆ ಅಕ್ಕನಿಗೆ ನಿಯಮಗಳನ್ನೂ ಒಪ್ಪಿಸಿದೆ. ತಣ್ಣೀರು, ಅಂಟುವಾಳದ ನೊರೆ, ಹಿಂಡುವಂತಿಲ್ಲ, ನೆರಳಲ್ಲೇ ಒಣಗಬೇಕು, ಲಿಂಬೆ ಹುಣಸೆ ತಾಗಬಾರದು. ಎಲ್ಲ ಕೇಳಿ ಅಕ್ಕ, ಇಷ್ಟು ಗೊತ್ತಿದ್ದವನೇ ಒಗೆದರಾಯಿತು ಎಂದಳು. ಈಗ ಅವಳು ಬೀದರಿಗೆ ಬಂದಾಗೆಲ್ಲ ಆ ಸೀರೆ ನನ್ನ ಕೈಗೆ ಬರುತ್ತದೆ. ಪರವಾಗಿಲ್ಲ, ಕೈ ಪಳಗಿದೆ.

ಹೋದ ತಿಂಗಳು ಅವಳನ್ನು ಬೀದರಿನ ಬಳಿಯ ಅಷ್ಟೂರಿಗೆ, ಸುಲ್ತಾನರ ಗೋರಿಗಳನ್ನು ನೋಡಲು ಕರೆದೊಯ್ದಿದ್ದೆ. ಗುಮ್ಮಟಗಳ ನಡುವೆ ಅಡ್ಡಾಡಿ ಕಾಲು ನೋಯತೊಡಗಿದಾಗ ಅಕ್ಕ ಅದೇ ಸೀರೆಯಲ್ಲಿ ಹುಲ್ಲಿನ ಮೇಲೆ ಕೂರಲು ಬಗ್ಗಿದಳು. ನಾನು ಓಡಿಹೋಗಿ ಕರ್ಚೀಫ್ ಹಾಸಿದೆ. ಮಣ್ಣಿನ ಕಲೆಗೆ ಆ ಬಣ್ಣ ಏನಾದೀತೋ ಎಂದು ಹೇಳತೊಡಗಿದೆ.

"ಮೂವತ್ತೊಂದು ವರ್ಷ ಕಲಿ ಬಿದ್ದೀತು ಅಂತ ಅಂಜಕೋತ ನಿಂತೇ ಇದ್ದೆ ತಮ್ಮಾ. ಈಗರೆ ಕುಂದುರ್ತೀನಿ, ಬಿಡು."

ಹಾಗೆಂದು ಅಕ್ಕ ಕರ್ಚೀಫಿನಿಂದ ಎರಡು ಮಾರು ದೂರ, ಬರೀ ನೆಲದ ಮೇಲೆ, ಕಾಲು ಚಾಚಿ ಕುಳಿತಳು. ಹಾಸಿದ್ದನ್ನು ವ್ಯರ್ಥ ಮಾಡಬಾರದೆಂದು ಕರ್ಚೀಫಿನ ಮೇಲೆ ನಾನೇ ಕುಳಿತೆ.