ಮುಖ ಕಾಣುವ ಗೋಡೆ

ಆ ಕಾಲದಲ್ಲಿ ಪೀಣ್ಯದ ವಠಾರದ ಮಕ್ಕಳಿಗೆ ಬೆಂಗಳೂರು ಎಂದರೆ ಬಸ್ಸು ಹತ್ತಿ ಹೋಗಬೇಕಾದ ಬೇರೆ ಊರು. ನಗಬೇಡಿ, ನಿಮ್ಮಲ್ಲೂ ಎಷ್ಟೋ ಜನ ಹಾಗೇ ಬೆಳೆದವರು. ಲೇತ್ ಮಷೀನಿನಿಂದ ಬೀಳುವ ನೀಲಿ ಕಬ್ಬಿಣದ ಸುರುಳಿ ಆರಿಸಿ ಕೈಗೆ ಬಳೆ ಮಾಡಿಕೊಂಡು ಗೀರಿಸಿಕೊಳ್ಳುವುದು, ಹಳೇ ಬೇರಿಂಗಿನ ಗುಂಡುಗಳಲ್ಲಿ ಗೋಲಿ ಆಡುವುದು, ಇಷ್ಟೇ ನಮ್ಮ ಲೋಕ. ಅಪ್ಪನ ಅಂಗಿಯಿಂದ ಹಿಡಿದು ಅವ್ವ ಬಡಿದ ರೊಟ್ಟಿಯವರೆಗೆ ಎಲ್ಲದಕ್ಕೂ ಮಷೀನೆಣ್ಣೆಯ ವಾಸನೆ. ವಿಜಾಪುರದ ಕಡೆಯಿಂದ ಬಂದ ಏಳೆಂಟು ಮನೆಗಳು ಅಕ್ಕಪಕ್ಕದಲ್ಲೇ ಇದ್ದವು. ಊರಿಂದ ನೆಂಟರು ಬಂದಾಗ ಅವರ ಜೊತೆ ನಮ್ಮನ್ನೂ ಸುತ್ತಾಡಿಸುತ್ತೇನೆ ಎಂದು ಅಪ್ಪ ಹೇಳುತ್ತಿದ್ದ. ನನಗೆ ಹತ್ತು ವರ್ಷ ತುಂಬುವವರೆಗೂ ಒಬ್ಬರೂ ಬರಲಿಲ್ಲ.

ಆ ದಸರಾ ರಜೆಯಲ್ಲಿ ಬಂದರು. ಅಪ್ಪನ ತಮ್ಮ ಶಿವು ಕಾಕಾ ಮತ್ತು ಅವನ ಹೊಸ ಹೆಂಡತಿ. ಅವಳನ್ನು ನಾನು ಚಿಗವ್ವ ಎನ್ನುತ್ತಿದ್ದೆ. ಮೂರು ದಿನ ಇದ್ದು ಊರು ನೋಡಿಕೊಂಡು ಹೋಗುವ ಲೆಕ್ಕ. ಚೀಲ ಇಳಿಸುವ ಮೊದಲೇ ಚಿಗವ್ವ ನನ್ನ ಕಿವಿಯಲ್ಲಿ ಕೇಳಿದಳು.

“ಲಾಲ್‌ಬಾಗ್‌ದಾಗ ಗಾಜಿನ ಮನಿ ಐತಂತಲ್ಲ? ನಮ್ಮ ತವರಮನಿ ಕ್ಯಾಲೆಂಡರ್‌ದಾಗ ನೋಡೀನಿ. ನೀ ಖರೇನ ನೋಡೀ ಏನ?”

“ಮೂರು ಸಲ,” ಎಂದೆ. ಒಮ್ಮೆಯೂ ನೋಡಿರಲಿಲ್ಲ. “ಒಳಗ ನಿಂತ್ರ ಯಾವ ಗ್ವಾಡಿ ನೋಡಿದ್ರೂ ನಮ್ಮ ಮುಖಾನ ಕಾಣತೈತಿ!”

ನಮ್ಮ ಕಡೆ ಒಂದು ಪದ್ಧತಿ. ಹೊಸ ಜೋಡಿ ಬಂದರೆ ಊರಿನವರೆಲ್ಲ ಊಟಕ್ಕೆ ಕರೆದು ಹೆಣ್ಣಿನ ಉಡಿ ತುಂಬಬೇಕು. ಸೆರಗಿಗೆ ಅಕ್ಕಿ, ಕೊಬ್ಬರಿ, ಅರಿಶಿನ ಕೊಂಬು, ಒಂದು ಕುಪ್ಪಸದ ಬಟ್ಟೆ. ಒಬ್ಬರ ಮನೆಯಲ್ಲಿ ಉಂಡು ಇನ್ನೊಬ್ಬರ ಮನೆ ಬಿಟ್ಟರೆ ಮುಗಿಯಿತು ಕಥೆ.

ಮೊದಲ ದಿನ ಹೊರಟು ನಿಂತಾಗಲೇ ಪಕ್ಕದ ಮನೆ ಗಂಗವ್ವ ಬಾಗಿಲಿಗೆ ಅಡ್ಡ ಬಂದಳು.

“ಒಂದು ತುತ್ತು ಉಂಡು ಹೋಗ್ರಿ. ಲಾಲ್‌ಬಾಗ್ ಏನು ಓಡಿ ಹೋಗತೈತೇನು?”

ಆ ಒಂದು ತುತ್ತು ಮೂರು ಶೇಂಗಾ ಹೋಳಿಗೆಯಾಯಿತು. ಕೈ ತೊಳೆಯುವಷ್ಟರಲ್ಲಿ ಎದುರು ಮನೆಯವಳು ಬಂದು, “ಗಂಗವ್ವನ ಹೋಳಿಗಿ ಸಿಹಿ, ನಮ್ಮ ರೊಟ್ಟಿ ಕಹಿ ಏನ್ರಿ?” ಎಂದಳು. ಎಲ್ಲ ಮುಗಿಯುವ ಹೊತ್ತಿಗೆ ಸಂಜೆ. ಎರಡನೇ ದಿನ ಇನ್ನೂ ನಾಲ್ಕು ಮನೆ. ಶಿವು ಕಾಕಾ ಹೊಟ್ಟೆ ಹಿಡಿದು ಮಲಗಿ ನರಳಿದ. “ಯಣ್ಣಾ, ನಾ ಊರು ನೋಡಾಕ ಬಂದೇನೋ, ಉಂಡು ಸಾಯಾಕ ಬಂದೇನೋ?”

“ಸುಮ್ನಿರೋ, ಕೇಳಿಸಿಕೊಂಡಾರು,” ಎಂದು ಅವ್ವ ಗದರಿದಳು.

ಮೂರನೇ ದಿನ ಅಪ್ಪನಿಗೂ ರಜೆ. ನಾನು ಎರಡು ಜಡೆಗೂ ಕೆಂಪು ರಿಬ್ಬನ್ ಕಟ್ಟಿಕೊಂಡಿದ್ದೆ, ಚಿಗವ್ವ ಮದುವೆ ಸೀರೆ ಉಟ್ಟಿದ್ದಳು. ಯಾರ ಕಣ್ಣಿಗೂ ಬೀಳದೆ ಹಿಂದಿನ ಗಲ್ಲಿಯಿಂದ ಬಸ್‌ಸ್ಟಾಪಿಗೆ ಬಂದೆವು. ಅಲ್ಲಿ ಈರಪ್ಪ ಮಾಮಾ ನಿಂತಿದ್ದ. ಅಪ್ಪನಿಗೆ ಫ್ಯಾಕ್ಟರಿ ಕೆಲಸ ಕೊಡಿಸಿದವನು ಅವನೇ.

“ಏನ್ರೆಪಾ, ಎಲ್ಲಾರ ಮನ್ಯಾಗ ಉಂಡ್ರಿ. ನಮ್ಮನ್ಯಾಗೇನು ವಿಷಾ ಹಾಕ್ತೇವೇನು?”

“ಹಂಗಲ್ರೀ ಮಾಮಾ, ಸಂಜಿಗೆ ಬರ್ತೇವ್ರಿ...”

“ಸಂಜಿಗೆ ಇವರು ಊರಿಗೆ ಹೊಂಟಾರ, ನನಗ ಗೊತ್ತಿಲ್ಲೇನು? ನಿಮ್ಮತ್ತಿ ನಸುಕಿನ್ಯಾಗ ಎದ್ದು ಹುಗ್ಗಿ ಕುದಿಸ್ಯಾಳ.”

ಅಷ್ಟರಲ್ಲಿ ಬಸ್ಸು ಬಂದು ನಿಂತಿತು. ನಾನು ಒಂದು ಕಾಲು ಮೆಟ್ಟಿಲ ಮೇಲಿಟ್ಟೆ. “ಹತ್ತೋದಾದ್ರೆ ಬೇಗ ಹತ್ರೀ, ಅಣ್ಣ!” ಎಂದು ಕಂಡಕ್ಟರ್ ಕೂಗಿದ. ಅಪ್ಪ ಬಸ್ಸನ್ನು ನೋಡಿದ, ನನ್ನನ್ನು ನೋಡಿದ, ಮಾಮಾನನ್ನು ನೋಡಿದ. ಆಮೇಲೆ ನನ್ನ ಹೆಗಲ ಮೇಲೆ ಕೈಯಿಟ್ಟು ಹಿಂದಕ್ಕೆ ಎಳೆದ. ಆ ಕೈಯಲ್ಲಿ ಬಲವೇ ಇರಲಿಲ್ಲ. ಆದರೂ ಇಳಿದೆ.

ಮಾಮಾನ ಮನೆಯಲ್ಲಿ ಹುಗ್ಗಿಗೆ ಧಾರಾಳವಾಗಿ ತುಪ್ಪ ಸುರಿದಿದ್ದರು. ನಾನು ಅದನ್ನು ಬೆರಳಲ್ಲಿ ಕಲಸುತ್ತಾ ಕೂತೆ. ತುಂಬಿದ ಉಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಚಿಗವ್ವ ನನ್ನ ಪಕ್ಕಕ್ಕೆ ಬಂದಳು.

“ಇನ್ನೊಮ್ಮೆ ಹೇಳವ್ವ, ಗಾಜಿನ ಮನಿ ಹೆಂಗೈತಿ? ಊರಾಗ ಕೇಳ್ತಾರ.”

ನಾನೂ ನೋಡಿಲ್ಲ ಚಿಗವ್ವ ಎನ್ನಬೇಕೆಂದು ಬಾಯಿ ತೆರೆದೆ. ಅವಳ ಮುಖ ನೋಡಿ ಆಗಲಿಲ್ಲ. ನೂರು ಬಾಗಿಲಿವೆ ಎಂದೆ, ಒಳಗೆ ಗಿಳಿಗಳು ಹಾರುತ್ತವೆ ಎಂದೆ, ಗೋಡೆಯಲ್ಲಿ ಮುಖ ಕಾಣುತ್ತದೆ ಎಂದೆ. ಅವಳು ಪಾಠದಂತೆ ಒಂದೊಂದನ್ನೇ ಬಾಯಲ್ಲಿ ಹೇಳಿಕೊಂಡಳು. ಸಂಜೆ ಹೋಗಿಬಿಟ್ಟರು. ಮನೆ, ಮಕ್ಕಳು, ದನಕರು ಅಂತ ಚಿಗವ್ವ ಮತ್ತೆ ಈ ಕಡೆ ಬರಲೇ ಇಲ್ಲ.

ನಾನು ಲಾಲ್‌ಬಾಗ್ ನೋಡಿದ್ದು ಕೆಲಸಕ್ಕೆ ಸೇರಿದ ಮೇಲೆ. ಗಾಜಿನ ಮನೆಯೊಳಗೆ ನಿಂತು ಎಲ್ಲ ಕಡೆ ಹುಡುಕಿದೆ. ಎಲ್ಲೂ ನನ್ನ ಮುಖ ಕಾಣಲಿಲ್ಲ. ಈಗ ಪೀಣ್ಯದಲ್ಲಿ ಮೆಟ್ರೋ ಹತ್ತಿದರೆ ಸೀದಾ ಅಲ್ಲೇ ಇಳಿಯಬಹುದು. ಆದರೆ ವಠಾರ ಒಡೆದುಹಾಕಿದ್ದಾರೆ, ಆ ಏಳೆಂಟು ಮನೆಯವರು ಎಲ್ಲೆಲ್ಲೋ ಚದುರಿದ್ದಾರೆ. ದಾರಿಗೆ ಅಡ್ಡ ನಿಂತು ಉಣ್ಣಲು ಕರೆಯುವವರು ಯಾರೂ ಇಲ್ಲ.

ಹೋದ ತಿಂಗಳು ಚಿಗವ್ವನ ಮಗಳು ಗಂಡನ ಜೊತೆ ರಜೆಗೆ ಬಂದಿದ್ದಳು. ನಾನು ಹೋಳಿಗೆ ಮಾಡಿ, ಉಡಿಗೆ ಅಕ್ಕಿ ಕೊಬ್ಬರಿ ತೆಗೆದಿಟ್ಟು ಕಾಯುತ್ತಿದ್ದೆ. ಫೋನ್ ಬಂತು.

“ಅಕ್ಕಾ, ಟೈಮ್ ಸಾಲವಲ್ದು, ಇನ್ನೊಮ್ಮೆ ಬರ್ತೇವಿ. ಈಗ ಲಾಲ್‌ಬಾಗ್‌ದಾಗ ಅದೀವಿ.”

ಒಂದು ತುತ್ತು ಉಂಡು ಹೋಗ್ರಿ ಎಂಬ ಮಾತು ನಾಲಿಗೆಗೆ ಬಂದಿತ್ತು. ನುಂಗಿಕೊಂಡೆ.

“ಅಕ್ಕಾ, ಅವ್ವ ಯಾವಾಗ್ಲೂ ಹೇಳ್ತಾಳಲ್ಲ, ಮುಖ ಕಾಣೋ ಗ್ವಾಡಿ? ಅಲ್ಲಿ ನಿಂತು ಫೋಟೋ ಕಳಸು ಅಂದಾಳ. ಎಷ್ಟು ಸುತ್ತಿದ್ರೂ ಸಿಗವಲ್ದು. ಯಾವ ಕಡಿ ಐತಿ?”

ನನ್ನ ಮುಂದೆ ಹೋಳಿಗೆ ಆರಿಹೋಗಿದ್ದವು.

“ಆಗ ಇತ್ತವ್ವ,” ಎಂದೆ. “ಈಗ ತಗದಾರ.”