ಮೇಸ್ತ್ರಿಗಳ ಎಡ್ವರ್ಡ್ ಗುಲಾಬಿ

ಅವರ ಎಡಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಫೌಂಡ್ರಿಯಲ್ಲಿ ಕಾದ ಕಬ್ಬಿಣ ಸಿಡಿದು ಹೋದದ್ದು. ಆ ಬೋಳು ಬೆರಳಿನಿಂದಲೇ ಗುಲಾಬಿ ಕಡ್ಡಿ ಸವರಿ, ಎಳೆಯದೋ ಬಲಿತದ್ದೋ ಹೇಳಿಬಿಡುತ್ತಿದ್ದರು. ಭದ್ರಾವತಿಯ ನ್ಯೂ ಟೌನಿನಲ್ಲಿ ನಮ್ಮ ಎದುರು ಕ್ವಾರ್ಟರ್ಸಿನವರು, ಎಲ್ಲರಿಗೂ ಮೇಸ್ತ್ರಿಗಳು. ತೊಂಬತ್ತರ ದಶಕದಲ್ಲಿ ಮದುವೆಯಾಗಿ ಅಲ್ಲಿಗೆ ಹೋದ ನನಗೆ, ಒಂದು ಗಿಡದ ಚಿಗುರುಗಣ್ಣು ತೆಗೆದು ಇನ್ನೊಂದರ ಕಾಂಡಕ್ಕೆ ಕೂಡಿಸುವ ಕಣ್ಣು ಕಸಿಯನ್ನು ಕಲಿಸಿದವರು ಅವರೇ.

ಅವರ ಅಂಗಳದಲ್ಲಿದ್ದದ್ದು ಒಂದೇ ಗಿಡ, ಎಡ್ವರ್ಡ್. ತೀರಿಹೋದ ಹೆಂಡತಿ ನೆಟ್ಟದ್ದು. ವರ್ಷವಿಡೀ ಹೂವು. ಅದರ ಹುಟ್ಟಿನ ಕಥೆಯನ್ನು ಬೀಗರ ಮನೆ ಸುದ್ದಿಯ ಹಾಗೆ ಹೇಳುವರು: ಯಾವುದೋ ದ್ವೀಪದಲ್ಲಿ ಬೇಲಿಗೆಂದು ಪನ್ನೀರು ಗುಲಾಬಿ, ಚೀನಾ ಗುಲಾಬಿ ಎರಡನ್ನೂ ಒಟ್ಟಿಗೆ ನೆಟ್ಟಿದ್ದರಂತೆ.

"ಜೇನುಹುಳ ಮದ್ವೆ ಮಾಡಿಸ್ತು ನೋಡಮ್ಮ. ವಾಸನೆ ಪನ್ನೀರಿಂದು, ತಿಂಗ್ಳು ತಿಂಗ್ಳು ಬಿಡೋ ಚಾಳಿ ಚೀನಾದ್ದು."

ದಿನಾ ಬೆಳಿಗ್ಗೆ ಒಂದು ಹೂ ಹೆಂಡತಿಯ ಫೋಟೋಗೆ ಹೋಗುತ್ತಿತ್ತು.

ರಿಟೈರಾಗಿ ಕ್ವಾರ್ಟರ್ಸ್ ಬಿಡಬೇಕಾಯಿತು. ಅವರು ಹೋದದ್ದು ಶಿವಮೊಗ್ಗದ ರಾಗಿಗುಡ್ಡದಲ್ಲಿದ್ದ ಮಗಳ ಮಹಡಿ ಮನೆಗೆ; ಅಲ್ಲಿ ಅಂಗಳವಿರಲಿಲ್ಲ. ಕುಂಡದಲ್ಲಿ ಎರಡು ಸಲ ಕಡ್ಡಿ ಊರಿದರೂ ಹಿಡಿಯಲಿಲ್ಲ. ಕೊನೆಗೆ ಗಿಡವನ್ನೇ ಮಣ್ಣಿನ ಹೆಂಟೆ ಸಮೇತ ತಂದು ನಮ್ಮ ಅಂಗಳದಲ್ಲಿ ನೆಟ್ಟರು. ಪ್ರತಿ ಅಮಾವಾಸ್ಯೆಗೆ ಬಸ್ಸಿನಲ್ಲಿ ಬಂದು, ಬುಟ್ಟಿಯಲ್ಲಿ ಒದ್ದೆ ಬಟ್ಟೆ ಹಾಸಿ ಹೂ ಒಯ್ಯುತ್ತಿದ್ದರು.

ಆಮೇಲೆ ಕಣ್ಣಿನ ಆಪರೇಷನ್ ಆಗಿ ನಾಲ್ಕೈದು ತಿಂಗಳು ಬರಲಿಲ್ಲ. ಆಗಲೇ ನನಗೆ ದುರ್ಬುದ್ಧಿ ಬಂತು. ನಮ್ಮ ಬೀದಿಯಲ್ಲಿ ಹೂವಿನ ಸ್ಪರ್ಧೆ ಏರ್ಪಾಡಾಗಿತ್ತು. ಆಫೀಸರ ಹೆಂಡತಿಯೊಬ್ಬರು ನಮ್ಮ ಗಿಡ ನೋಡಿ, ಇದನ್ನು ಬೇರೆ ಗುಲಾಬಿ ಕಸಿ ಮಾಡಲು ಬುಡದ ಗಿಡವಾಗಿ ಬಳಸುತ್ತಾರೆ, ಹೂವಿಗೆ ಯಾರು ಬೆಳೆಸುತ್ತಾರೆ ಎಂದು ನಕ್ಕಿದ್ದರು. ಆ ನಗೆ ನನಗೆ ಚುಚ್ಚಿತು. ಅಂಗೈಯಗಲದ ಕಡುಗೆಂಪು ಗುಲಾಬಿಯ ಕಣ್ಣು ತಂದು ಎಡ್ವರ್ಡಿನ ಬುಡಕ್ಕೆ ಕೂಡಿಸಿದೆ. ಹಿಡಿದ ಮೇಲೆ ಗಿಡದ ತಲೆ ಕತ್ತರಿಸಿ, ಕಡ್ಡಿಗಳನ್ನೆಲ್ಲ ಬಚ್ಚಲೊಲೆಗೆ ಹಾಕಿದೆ. ಒಂದನ್ನಾದರೂ ಮಣ್ಣಿಗೆ ಊರಬಾರದಿತ್ತೇ? ಅಷ್ಟೂ ತೋಚಲಿಲ್ಲ. ಅವರು ಕಲಿಸಿದ ವಿದ್ಯೆಯನ್ನು ಅವರ ಗಿಡದ ಮೇಲೇ ತೋರಿಸಿದ್ದೆ. ಉಂಡ ಮನೆಗೆ ಎರಡು ಬಗೆಯುವುದು ಅಂದರೆ ಇದೇ.

ಅವರು ಬಂದ ದಿನ ಬಾಗಿಲಲ್ಲೇ ಸುಳ್ಳು ಹೇಳಿದೆ. ನಿಮ್ಮ ಗಿಡ ಗೆದ್ದಲು ತಿಂದು ಹೋಯಿತು, ಇದು ಬೇರೆ ಗಿಡ ಅಂದೆ. ಕಣ್ಣೀರೂ ಬರಿಸಿಕೊಂಡೆ. ಮೇಸ್ತ್ರಿಗಳು ಗಿಡದ ಹತ್ತಿರ ಕುಕ್ಕರುಗಾಲಲ್ಲಿ ಕೂತು, ಹೆಬ್ಬೆರಳಿಂದ ಬುಡ ಸವರಿದರು. ಕಸಿ ಕೂಡಿದ ಗಂಟಿನ ಹತ್ತಿರ ಬೆರಳು ನಿಂತಿತು.

"ಕಸಿ ಚೆನ್ನಾಗಿ ಕೂತಿದೆ. ಗಂಟಿನ ಕೆಳಗಿಂದ ಚಿಗುರು ಬಂದ್ರೆ ಮಾತ್ರ ಕೀಳಬೇಡ ತಾಯಿ," ಎಂದರು.

ಅಷ್ಟೇ. ಕಾಫಿ ಕುಡಿದು, ಬರಿ ಬುಟ್ಟಿ ಹಿಡಿದು ಬಸ್ಸಿಗೆ ಹೋದರು.

ಚಿಗುರು ಬಂತು, ಎಡ್ವರ್ಡಿನದೇ. ಬಿಟ್ಟರೆ ಮೇಲಿನ ಕೆಂಪು ಗುಲಾಬಿ ಸೊರಗುತ್ತದೆಂದು ಕಿತ್ತೆ. ಮತ್ತೆ ಬಂತು, ಮತ್ತೆ ಕಿತ್ತೆ. ಸ್ಪರ್ಧೆಯಲ್ಲಿ ಸಮಾಧಾನಕರ ಬಹುಮಾನವೂ ಸಿಗಲಿಲ್ಲ. ಮುಂದಿನ ಬೇಸಿಗೆಯಲ್ಲಿ ಬೇರೂ ಮೇಲಿನದೂ ಒಟ್ಟಿಗೇ ಒಣಗಿದವು.

ಮೇಸ್ತ್ರಿಗಳು ಮತ್ತೆ ಬರಲಿಲ್ಲ. ಎರಡು ವರ್ಷದ ಮೇಲೆ ಹೋಗಿಬಿಟ್ಟರು ಎಂಬ ಸುದ್ದಿ ಬಂತು. ಯಾವ ಮುಖ ಇಟ್ಟುಕೊಂಡು ಹೋಗಲಿ ಎನಿಸಿದರೂ ರಾಗಿಗುಡ್ಡಕ್ಕೆ ಹೋದೆ. ಮಗಳು ನನ್ನ ಕೈ ಹಿಡಿದುಕೊಂಡು ಕೂರಿಸಿದಳು.

"ಗೆದ್ದಲು ತಿಂದಿದ್ದಕ್ಕೆ ಅಪ್ಪಂಗಿಂತ ನೀವೇ ಜಾಸ್ತಿ ಅತ್ರಂತಲ್ಲ ಅಕ್ಕಾ. ಅಪ್ಪ ಎಲ್ಲರ ಹತ್ರಾನೂ ಹೇಳೋರು."

ನನ್ನ ಮಾನವನ್ನು ಅವರು ಸಾಯುವವರೆಗೂ ಕಾಪಾಡಿದ್ದರು. ಆಗಲಾದರೂ ನಿಜ ಹೇಳಬಹುದಿತ್ತು.

"ಹೌದಮ್ಮ, ಗೆದ್ದಲು," ಎಂದೆ.