ಟೆಂಟಿಗೆ ನೀರು ಬಿಡುವ ಪ್ರಭಕ್ಕ

ಪ್ರಭಕ್ಕನ ಜೊತೆ ಕಾಡಿಗೆ ಹೋಗಬೇಕೆಂದರೆ ಮೊದಲು ಅವಳ ಮನೆಯ ಹಿತ್ತಲಿನಲ್ಲಿ ಒಮ್ಮೆ ನೆನೆಯಬೇಕು. ತಮಾಷೆಗೆ ಹೇಳುತ್ತಿಲ್ಲ. ಡೆಟ್ರಾಯಿಟ್ ಹತ್ತಿರದ ವಿಕ್ಸಮ್‌ನಲ್ಲಿ ಅವಳ ಮನೆಯ ಹಿಂದಿನ ಹುಲ್ಲಿನ ಮೇಲೆ ನೀವು ಕೊಂಡು ತಂದ ಹೊಸ ಟೆಂಟ್ ಹಾಕಿ, ಒಳಗೆ ಸ್ಲೀಪಿಂಗ್ ಬ್ಯಾಗ್ ಹಾಸಿಕೊಂಡು ಕೂತಿರಬೇಕು. ಅವಳು ಬಂದು ಲಾನಿನ ಸ್ಪ್ರಿಂಕ್ಲರನ್ನು ನಿಮ್ಮ ಕಡೆ ತಿರುಗಿಸಿ, ಒಳಗೆ ಹೋಗಿ ಆರಾಮಾಗಿ ಚಹಾ ಕುಡಿಯುತ್ತಾಳೆ. ಬಡಾವಣೆಯವರು ನಾಯಿ ಹಿಡಿದುಕೊಂಡು ಹೋಗುವಾಗ ನಿಂತು ನೋಡುತ್ತಾರೆ. ನೋಡಲಿ ಬಿಡಿ, ಪುಕ್ಕಟೆ ಮನರಂಜನೆ.

"ನೀರು ಒಳಗ ಬಂತೇನು?" ಎಂದು ಅಡುಗೆಮನೆಯ ಕಿಟಕಿಯಿಂದ ಕೂಗು ಬರುತ್ತದೆ. ಬಂತು ಎಂದರೆ ಟೆಂಟ್ ಅಂಗಡಿಗೆ ವಾಪಸ್. ಇಲ್ಲ ಎಂದರೆ ಇನ್ನೊಂದು ಮಗ್ಗುಲಿನಿಂದ ಮತ್ತೆ ನೀರು.

ಅವಳ ಉದ್ಯೋಗವೇ ಅದು. ವಿಕ್ಸಮ್‌ನ ಇಂಡಸ್ಟ್ರಿಯಲ್ ಪಾರ್ಕಿನಲ್ಲಿ ಕಾರಿನ ಬಾಗಿಲಿಗೆ ಹಾಕುವ ರಬ್ಬರ್ ಪಟ್ಟಿ ಮಾಡುವ ಕಂಪನಿಯೊಂದಿದೆ. ಬಾಗಿಲುಗಳಿಗೆ ನೀರು ಬಿಟ್ಟು ಎಲ್ಲಿ ಸೋರುತ್ತದೆ ಎಂದು ನೋಡುವ ಎಂಜಿನಿಯರ್ ಈಕೆ, ಗದಗಿನ ಪ್ರಭಾವತಿ. ನಾನು ಮೈಸೂರಿನ ಸ್ವರೂಪ. ಮದುವೆಯಾದ ಹೊಸತರಲ್ಲಿ ಸ್ಕೋಕಿಯ ಒಂದು ಅಪಾರ್ಟ್‌ಮೆಂಟಿನಲ್ಲಿ ನಮ್ಮಿಬ್ಬರದೂ ಎದುರುಬದುರು ಬಾಗಿಲು. ಆಮೇಲೆ ಅವಳು ಕೆಲಸ ಸಿಕ್ಕಿ ಗಂಡ ಬಸಯ್ಯನವರ ಜೊತೆ ಡೆಟ್ರಾಯಿಟ್ ಕಡೆಗೆ ಹೋದಳು, ನಾನು ಸ್ಕೋಕಿಯಲ್ಲೇ ಉಳಿದೆ. ಸ್ನೇಹ ಮಾತ್ರ ಎಲ್ಲಿಗೂ ಹೋಗಲಿಲ್ಲ.

ಕಾಡಿನ ಹುಚ್ಚು ಹಿಡಿದದ್ದು ಸಿಟ್ಟಿನಿಂದ. ಒಮ್ಮೆ ಆಫೀಸಿನವರ ಜೊತೆ ಕ್ಯಾಂಪಿಂಗಿಗೆ ಹೋಗಿ, ಸೇಲ್‌ನಲ್ಲಿ ತಂದ ಟೆಂಟ್ ಸೋರಿ, ತೊಪ್ಪೆಯಾಗಿ ವಾಪಸ್ ಬಂದಳಂತೆ. "ದಿನಾ ಬಾಗಲಕ್ಕ ನೀರು ಬಿಟ್ಟು ನೋಡಾಕಿ ನಾನು. ನನ್ನ ಮೈಮ್ಯಾಲೆ ನೀರು ಬೀಳ್ತಂದ್ರ ಏನು ಮರ್ಯಾದಿ ಉಳೀತು?" ಎಂದು ಫೋನಿನಲ್ಲಿ ಕೂಗಾಡಿದ್ದಳು. ಅಲ್ಲಿಂದ ಶುರು. ಈಗ ಪ್ರತಿ ಬೇಸಿಗೆ ನಾಲ್ಕು ಜನರನ್ನು ಕಟ್ಟಿಕೊಂಡು, ರಸ್ತೆ ಮುಗಿದ ಮೇಲೂ ಮೈಲಿಗಟ್ಟಲೆ ನಡೆದು ಹೋಗಿ ಮಲಗುವಂಥ ಕಾಡುಗಳಿಗೆ ಹೋಗುತ್ತಾಳೆ. ಬಸಯ್ಯನವರು ಬರುವುದಿಲ್ಲ. "ನನಗ ಹಾಸಿಗಿ ಒಳಗ ಹುಳಾ ಬ್ಯಾಡ" ಅಂತ ಒಂದೇ ಮಾತು.

ಹೋದ ವರ್ಷ ನನ್ನನ್ನೂ ಎಳೆದಳು. ಗರಾಜಿನಲ್ಲಿ ಜಮಖಾನ ಹಾಸಿ, "ಚೀಲ ಸುರುವು" ಎಂದಳು. ಇಂಡಿಯಾಗೆ ಹೋಗುವಾಗ ಸೂಟ್‌ಕೇಸ್ ತೂಗುವ ಕೊಕ್ಕೆಯ ತಕ್ಕಡಿ ನಮ್ಮೆಲ್ಲರ ಮನೆಯಲ್ಲೂ ಇರುತ್ತದಲ್ಲ, ಅದನ್ನು ಕೈಯಲ್ಲಿ ಹಿಡಿದು ನಿಂತಿದ್ದಳು. ನನ್ನ ಚೀಲದಿಂದ ಜೀನ್ಸ್, ಹತ್ತಿಯ ಕುರ್ತಾ, ದಪ್ಪ ಟವೆಲ್, ಗಾಜಿನ ಭರಣಿಯಲ್ಲಿ ನಿಂಬೆ ಉಪ್ಪಿನಕಾಯಿ, ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ, ಒಂದು ದಿಂಬು ಎಲ್ಲ ಹೊರಬಂದವು.

"ಬೀಗರ ಮನಿಗೆ ಹೊಂಟೀಯೇನು?" ಎಂದಳು. ಜೀನ್ಸನ್ನು ಬೆರಳ ತುದಿಯಲ್ಲಿ ಎತ್ತಿ ಹಿಡಿದು, "ಹತ್ತಿ ಅರಬಿ ಒದ್ದಿ ಆದ್ರ ಒಣಗೂದಿಲ್ಲವ್ವ. ಮೈಯಾಗಿನ ಬಿಸಿ ಎಲ್ಲಾ ಕುಡೀತೈತಿ. ಉಣ್ಣಿದು ಇಲ್ಲಾ ನೈಲಾನಿಂದು ತಗೋ" ಎಂದು ಪಕ್ಕಕ್ಕೆ ಎಸೆದಳು. ಎಣ್ಣೆಯ ವಾಸನೆಗೆ ಕರಡಿ ಬರುತ್ತದಂತೆ, ಅದೂ ಹೋಯಿತು. ಉಪ್ಪಿನಕಾಯಿಗಾಗಿ ನಾನು ಜಗಳವಾಡಿದೆ. ಕೊನೆಗೆ ಪ್ಲಾಸ್ಟಿಕ್ ಪೊಟ್ಟಣದಲ್ಲಿ ಎರಡು ಚಮಚಕ್ಕೆ ರಾಜಿಯಾಯಿತು. ಊಟದ ವಿಷಯದಲ್ಲಿ ಅವಳ ಬುದ್ಧಿಯನ್ನು ಮೆಚ್ಚಲೇಬೇಕು. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಬಿಸಿನೀರು ಹಾಕಿದರೆ ಅರಳುವ ಅವಲಕ್ಕಿ. ಹಗುರ, ಕೆಡುವುದಿಲ್ಲ, ಹೊಟ್ಟೆಗೂ ಒಗ್ಗುತ್ತದೆ.

ನನ್ನ ಪಕ್ಕದಲ್ಲಿ ನಿಂತಿದ್ದವನು ಗೋಪಿ. ನಮ್ಮ ಸ್ಕೋಕಿ ಕಡೆಯ ಓಕ್ ಬ್ರೂಕ್‌ನಲ್ಲಿ ಕೆಲಸ ಮಾಡುವ, ಇಲ್ಲೇ ಹುಟ್ಟಿ ಬೆಳೆದ ಹುಡುಗ. ಅಂಗಡಿಯಲ್ಲಿದ್ದ ಅತಿ ದುಬಾರಿ ಜಾಕೆಟ್, ಹೊಚ್ಚ ಹೊಸ ಬೂಟು, ಆನೆ ಕೊಯ್ಯುವಂಥ ಚಾಕು ತಂದಿದ್ದ. ಜಾಕೆಟ್ ಪಾಸಾಯಿತು. ಚಾಕು ನೋಡಿ ಪ್ರಭಕ್ಕ ಬಿದ್ದು ಬಿದ್ದು ನಕ್ಕಳು. ಬೂಟು ತೋರಿಸಿ, "ಹೋಗೂತನಕ ಇದನ್ನ ಹಾಕ್ಕೊಂಡ ಇರು. ಆಫೀಸಿಗೆ ಹೋಗು, ಕಸಾ ಹೊಡಿ, ಯಾರದರ ಮದುವಿ ಇದ್ರ ಅಲ್ಲಿಗೂ ಹೋಗು" ಎಂದಳು. "ಓಕೆ ಆಂಟಿ" ಎಂದ ಪಾಪ, ನಿಜಕ್ಕೂ ಹಾಗೇ ಮಾಡಿದ.

ಆದರೆ ಆ ಸಲದ ಪ್ರವಾಸದಲ್ಲಿ ನಿಜವಾದ ಪರೀಕ್ಷೆ ಇದ್ದದ್ದು ಪ್ರಭಕ್ಕನ ಮಗಳು ಮೇಧಾಳಿಗೆ. ಕಾಲೇಜು ಮುಗಿಸಿ ಕೆಲಸಕ್ಕೆ ಸೇರಿದ್ದ ಹುಡುಗಿ. ಆಗಸ್ಟಿನಲ್ಲಿ ಸುಪೀರಿಯರ್ ಸರೋವರದ ನಡುವಿನ ಐಲ್ ರಾಯಲ್ ದ್ವೀಪವನ್ನು ಈ ತುದಿಯಿಂದ ಆ ತುದಿಯವರೆಗೆ ಒಬ್ಬಳೇ ನಡೆಯಬೇಕೆಂದು ಅವಳ ಆಸೆ. ಹೈಸ್ಕೂಲಿನಿಂದ ಹೊತ್ತುಕೊಂಡು ಬಂದ ಆಸೆ. ತಾಯಿ ಪ್ರತಿ ವರ್ಷ "ನೋಡೋಣು" ಅನ್ನುತ್ತಿದ್ದಳು. ನಮ್ಮ ಮನೆಗಳಲ್ಲಿ ನೋಡೋಣ ಎಂದರೆ ಏನರ್ಥ ಅಂತ ಎಲ್ಲರಿಗೂ ಗೊತ್ತು. ಈ ಸಲ ಮೇಧಾ ಹಟ ಹಿಡಿದಳು. ಕೊನೆಗೆ ಒಪ್ಪಂದ ಆಯಿತು: ಜೂನ್‌ನಲ್ಲಿ ಅದೇ ಸರೋವರದ ದಡದ ಪೋರ್ಕ್ಯುಪೈನ್ ಬೆಟ್ಟದ ಕಾಡಿಗೆ ಎಲ್ಲರೂ ಹೋಗುವುದು, ಮೇಧಾ ಹೇಗೆ ನಡೆದುಕೊಳ್ಳುತ್ತಾಳೆ ನೋಡಿ ತಾಯಿ ಹೂಂ ಅಥವಾ ಉಹೂಂ ಹೇಳುವುದು.

"ಐ ನೋ ದಿಸ್ ಸ್ಟಫ್, ಆಂಟಿ. ಅವಳೇ ಕಲಿಸಿದ್ದು. ಮತ್ತೆ ಅವಳೇ ನಂಬಲ್ಲ" ಎಂದು ಕಾರಿನಲ್ಲಿ ನನ್ನ ಕಿವಿಯಲ್ಲಿ ಗೊಣಗಿದಳು. ನನಗೆ ಅಯ್ಯೋ ಅನ್ನಿಸಿತು.

ದಿನವಿಡೀ ಡ್ರೈವ್ ಮಾಡಿ, ಮ್ಯಾಕಿನಾ ಸೇತುವೆ ದಾಟಿ, ಉತ್ತರದ ಆ ಕಾಡು ಸೇರಿದೆವು. ನಡಿಗೆಯ ಮೊದಲ ದಿನ ಬಿಸಿಲು ಮತ್ತು ಸೊಳ್ಳೆ. ಅಬ್ಬಾ, ಆ ಸೊಳ್ಳೆಗಳ ವಿಷಯ ಬಿಡಿ, ನೆನೆಸಿಕೊಂಡರೆ ಈಗಲೂ ಮೈ ಕೆರೆಯುತ್ತದೆ. ಎರಡನೆಯ ದಿನ ಸರೋವರದ ಕಡೆಯಿಂದ ಗಾಳಿ ಬೀಸಿ ಮಳೆ ಹಿಡಿಯಿತು. ಜೂನ್ ತಿಂಗಳು, ಆದರೂ ತಾಪ ನಲವತ್ತೈದು ಡಿಗ್ರಿ ಫ್ಯಾರನ್‌ಹೀಟಿಗೆ, ಊರಿನ ಲೆಕ್ಕದಲ್ಲಿ ಏಳಕ್ಕೆ, ಇಳಿಯಿತು. ದಾರಿಗೆ ಅಡ್ಡ ಒಂದು ಹೊಳೆ. ನೀರು ತೊಡೆಯವರೆಗೆ. "ಸೊಂಟದ ಬೆಲ್ಟ್ ಬಿಚ್ಚರಿ. ಬಿದ್ರ ಚೀಲ ಬಿಟ್ಟು ಏಳಬೇಕು, ಚೀಲದ ಕೂಡ ಮುಳಗಬಾರದು" ಎಂದು ಪ್ರಭಕ್ಕ ನೀರಿನ ನಡುವೆ ನಿಂತು ಒಬ್ಬೊಬ್ಬರನ್ನೇ ಕೈಹಿಡಿದು ದಾಟಿಸಿದಳು. ನಾವು ಆಚೆ ದಡ ಸೇರಿದ ಮೇಲೆ ಅವಳು ಹೊರಗೆ ಬಂದಳು.

ಮಧ್ಯಾಹ್ನ ಕ್ಯಾಂಪಿನ ಜಾಗ ತಲುಪಿ, ಗೋಪಿಯದೊಂದು ನಮ್ಮದೊಂದು ಟೆಂಟ್ ಎದ್ದ ಕೂಡಲೇ ನಮ್ಮನ್ನೆಲ್ಲ ಒಳಗೆ ಅಟ್ಟಿದಳು. "ಒದ್ದಿ ಅರಬಿ ತಗೀರಿ, ಒಣಾವು ಹಾಕ್ಕೋರಿ, ಮೊದ್ಲ ಅದು, ಆಮ್ಯಾಲೆ ಮಾತು." ನಾವು ವಿಧೇಯ ಮಕ್ಕಳ ಹಾಗೆ ಹಾಕಿಕೊಂಡೆವು. ಅವಳು ಮಾತ್ರ ಹೊರಗೇ. ಮರಗಳ ನಡುವೆ ತಾಡಪತ್ರಿ ಕಟ್ಟಿದಳು. ಪುಟ್ಟ ಸ್ಟೋವ್ ಹಚ್ಚಿ ಚಹಾ ಕಾಯಿಸಿ ಟೆಂಟಿನೊಳಗೆ ಕೈಚಾಚಿ ಕೊಟ್ಟಳು. ರೊಟ್ಟಿ ಕೊಟ್ಟಳು, ಚಟ್ನಿಪುಡಿ ಕೊಟ್ಟಳು, "ಇನ್ನೊಂದು ತಗೋರಿ" ಎಂದು ಒತ್ತಾಯ ಮಾಡಿದಳು. ಕರಡಿಗೆ ಸಿಗದಂತೆ ಊಟದ ಚೀಲಗಳನ್ನು ಕ್ಯಾಂಪಿನಲ್ಲಿ ಅದಕ್ಕೆಂದೇ ನೆಟ್ಟ ಎತ್ತರದ ಕಂಬಕ್ಕೇರಿಸಲು ಹೋದಳು.

"ಪ್ರಭಕ್ಕ, ನೀನೂ ಬಟ್ಟೆ ಬದಲಾಯಿಸ್ಕೋ ಬಾರೆ" ಎಂದು ನಾನು ಕರೆದೆ.

"ಬಂದೆ, ನಿಮ್ದೆಲ್ಲಾ ಮುಗೀಲಿ."

ಇದೇ ನಮ್ಮ ಹೆಂಗಸರ ಜಾಯಮಾನ ನೋಡಿ. ಪಂಕ್ತಿಯೆಲ್ಲ ಎದ್ದು ಕೈತೊಳೆದ ಮೇಲೆ ಬಡಿಸಿದವಳು ತಟ್ಟೆ ಹಾಕಿಕೊಳ್ಳುವುದು. ಮನೆಯಲ್ಲಾದರೆ ಸಾರು ಆರಿರುತ್ತದೆ, ಅಷ್ಟೆ. ಇಲ್ಲಿ ಆರುತ್ತಿದ್ದದ್ದು ಅವಳ ಮೈ. ನಾವು ಮೂವರು ಬೆಚ್ಚಗಾಗುವ ಹೊತ್ತಿಗೆ ಅವಳು ಒದ್ದೆ ಪ್ಯಾಂಟಿನಲ್ಲಿ, ಗಾಳಿಯಲ್ಲಿ, ಅದೆಷ್ಟು ಹೊತ್ತು ನಿಂತಿದ್ದಳೋ. ನನಗೂ ಹೊಳೆಯಲಿಲ್ಲ, ಗೋಪಿಗೂ ಹೊಳೆಯಲಿಲ್ಲ. ಹೊಳೆದದ್ದು ಮೇಧಾಳಿಗೆ.

ಟೆಂಟಿನ ಬಾಗಿಲಿನಿಂದ ಅವಳು ತಾಯಿಯನ್ನೇ ನೋಡುತ್ತಿದ್ದಳು. ಪ್ರಭಕ್ಕ ಕಂಬದ ಹಗ್ಗಕ್ಕೆ ಗಂಟು ಹಾಕುತ್ತಿದ್ದಳು, ಅದು ಬಿಚ್ಚಿಕೊಳ್ಳುತ್ತಿತ್ತು, ಮತ್ತೆ ಹಾಕುತ್ತಿದ್ದಳು.

"ಅಮ್ಮಾ, ಚಳಿ ಆಗ್ತಿದೆಯಾ?"

"ಏನಿಲ್ಲ. ಆಗಳೆ ಆಗಿತ್ತು, ಈಗ ಚಳೀನ ಇಲ್ಲ" ಎಂದಳು ಪ್ರಭಕ್ಕ. ಮಾತು ಸ್ವಲ್ಪ ತೊದಲಿತು.

ಮೇಧಾ ಬರಿಗಾಲಲ್ಲೇ ಜಿಗಿದು ಹೋದಳು. "ಹೆಬ್ಬೆರಳಿಗೆ ಕಿರುಬೆರಳು ತಾಗಿಸು." ಪ್ರಭಕ್ಕನ ಕೈಲಿ ಆಗಲಿಲ್ಲ. ಬೆರಳು ನೋಡಿಕೊಂಡು ಪೆಚ್ಚಾಗಿ ನಕ್ಕಳು. ನಡುಗಬೇಕಾದ ಮೈ ನಡುಗುವುದನ್ನು ಬಿಟ್ಟಿದೆ ಎಂದರೆ ಕೆಟ್ಟ ಲಕ್ಷಣ, ಇದನ್ನು ಗರಾಜಿನಲ್ಲಿ ನಿಂತು ನಮಗೆ ಹೇಳಿದವಳೇ ಅವಳು.

"ಸುಮ್ನ ಒಳಗ ನಡಿ. ಏನೂ ಮಾತಾಡಬ್ಯಾಡ" ಎಂದಳು ಮೇಧಾ. ಇಂಗ್ಲಿಷ್ ಬೆರೆಸಿ ಮಾತಾಡುತ್ತ, ತಾಯಿಯ ಊರಿನ ಮಾತೇ ಬಾರದವಳಂತೆ ಇರುವ ಹುಡುಗಿ, ಆ ಹೊತ್ತಿನಲ್ಲಿ ಅಪ್ಪಟ ಗದಗಿನ ದನಿ. ಒದ್ದೆ ಬಟ್ಟೆ ತೆಗೆಸಿ, ಒಣಗಿದ್ದು ತೊಡಿಸಿ, ತಲೆಗೆ ಟೋಪಿ ಹಾಕಿ, ನೆಲದ ಥಂಡಿ ತಾಗದಂತೆ ಎರಡು ಚಾಪೆ ಹಾಸಿ ಸ್ಲೀಪಿಂಗ್ ಬ್ಯಾಗಿನೊಳಗೆ ಮಲಗಿಸಿದಳು. ನಾನು ಕೈಕಾಲು ಉಜ್ಜಲು ಹೋದೆ. "ಉಜ್ಜಬೇಡಿ ಆಂಟಿ, ಪಕ್ಕದಲ್ಲಿ ಅಪ್ಪಿಕೊಂಡು ಮಲಗಿ" ಎಂದು ತಡೆದಳು. ಗೋಪಿ ನೀರು ಕಾಯಿಸಿ ಬಾಟಲಿಗಳಿಗೆ ತುಂಬಿ, ಸಾಕ್ಸಿನಲ್ಲಿ ಸುತ್ತಿ ಕೊಟ್ಟ. ಮೇಧಾ ಅವನ್ನು ತಾಯಿಯ ಕಂಕುಳಿಗೆ ಇಟ್ಟು, ಬೆಲ್ಲದ ಬಿಸಿ ಪಾನಕವನ್ನು ಗುಟುಕು ಗುಟುಕಾಗಿ ಕುಡಿಸಿದಳು. ಆಮೇಲೆ ಸ್ಯಾಟಲೈಟ್ ಮೆಸೆಂಜರನ್ನು ಕೈಗೆತ್ತಿಕೊಂಡಳು. ಅದರ ಬಟನ್ ಒತ್ತಿದರೆ ರಕ್ಷಣೆಯವರು ಹೊರಡುತ್ತಾರೆ.

"ಒತ್ತಬ್ಯಾಡ. ಮಳ್ಯಾಗ ಮಂದಿಗೆ ಯಾಕ ತ್ರಾಸು" ಎಂದಳು ಪ್ರಭಕ್ಕ ಒಳಗಿನಿಂದ.

"ಅದನ್ನ ನೀ ಹೇಳೂ ಹಂಗಿಲ್ಲ. ಇನ್ನೊಂದು ಸಲ ನೀರು ಕಾಯೂದ್ರಾಗ ನೀ ನಡಗಲಿಲ್ಲಂದ್ರ ಒತ್ತೇ ಒತ್ತತೀನಿ."

ಸ್ಟೋವ್ ಬುಸುಗುಡುತ್ತಿತ್ತು. ನಾನು ಅವಳನ್ನು ಅಪ್ಪಿಕೊಂಡು ಬೈಯುತ್ತಲೇ ಇದ್ದೆ, ಕಣ್ಣಲ್ಲಿ ನೀರು ಬೇರೆ. "ನಿನ್ನ ಬಡಿಸೋ ಚಟಕ್ಕೆ ಬೆಂಕಿ ಹಾಕ! ನಿನಗೇನಾದರೂ ಆದರೆ ಬಸಯ್ಯನೋರಿಗೆ ನಾನೇನು ಹೇಳಲಿ?" ಎಂದೆ. ಮೇಧಾಳ ಬೆರಳು ಬಟನ್ನಿನ ಮುಚ್ಚಳದ ಮೇಲಿತ್ತು. ನೀರು ಕುದಿ ಬರುವ ಮೊದಲೇ ನನ್ನ ತೋಳಿನೊಳಗೆ ಸಣ್ಣದೊಂದು ನಡುಕ ಶುರುವಾಯಿತು. ಆಮೇಲೆ ಹಲ್ಲು ಕಟಕಟ ಎಂದವು. ಯಾರದಾದರೂ ಹಲ್ಲು ಕಡಿಯುವ ಸದ್ದಿಗೆ ನಾನು ಅಷ್ಟು ಖುಷಿಪಟ್ಟದ್ದು ಜೀವನದಲ್ಲಿ ಅದೊಂದೇ ಸಲ. ಗೋಪಿ ಹೊರಗೆ ಮಳೆಯಲ್ಲಿ ಕುಣಿದ.

"ಯ-ಯಪ್ಪಾ, ಏ-ಏನು ಥಂಡಿ!" ಎಂದಳು ಪ್ರಭಕ್ಕ. ಮೇಧಾ ಮೆಸೆಂಜರ್ ಕೆಳಗಿಟ್ಟು ತಾಯಿಯ ಕಾಲಬಳಿ ಕೂತು ಬಿಕ್ಕಿ ಬಿಕ್ಕಿ ಅತ್ತಳು.

ಬೆಳಿಗ್ಗೆ ಮಳೆ ನಿಂತಿತ್ತು. ಮುಂದಕ್ಕೆ ಹೋಗುವುದು ಬೇಡ, ಹತ್ತಿರದ ದಾರಿಯಲ್ಲಿ ವಾಪಸ್ ಎಂದು ಮೇಧಾ ತೀರ್ಮಾನ ಹೇಳಿದಳು. ಪ್ರಭಕ್ಕ ತನ್ನ ಚೀಲ ಕಟ್ಟಿದಳು. ಕಾರಿನಲ್ಲಿ ಮ್ಯಾಕಿನಾ ಸೇತುವೆಯ ಮೇಲೆ ಬಂದಾಗ ಅವಳೇ ಮಾತು ತೆಗೆದಳು.

"ಆಗಸ್ಟಿಗೆ ದೋಣಿ ಟಿಕೆಟ್ ತಗೋ."

ಡ್ರೈವ್ ಮಾಡುತ್ತಿದ್ದ ಮೇಧಾ ಕನ್ನಡಿಯಲ್ಲಿ ನೋಡಿದಳು. "ನಾನು ಪಾಸಾದ್ನಾ?"

"ಪಾಸಾದಾಕಿ ನೀ. ಫೇಲಾದಾಕಿ ನಾ."

ಹುಡುಗಿ ಕುಣಿಯುತ್ತಾಳೆ ಅಂದುಕೊಂಡೆ. ಅವಳು ಮತ್ತೆ ರಸ್ತೆಯ ಕಡೆ ಕಣ್ಣಿಟ್ಟು, "ಅಮ್ಮ, ನಿನ್ನ ನೋಡೋಕೆ ನಾನಿದ್ದೆ. ಒಬ್ಬಳೇ ಇದ್ದರೆ ನನ್ನ ಯಾರು ನೋಡ್ತಾರೆ?" ಎಂದಳು.

"ಒಬ್ಬಾಕಿ ಇದ್ರ ಬಡಸೂದು ಯಾರಿಗೂ ಇರೂದಿಲ್ಲಲ್ಲ. ಟೆಂಟ್ ಎದ್ದ ಕೂಡ್ಲೆ ನಿನ್ನ ಮೈ ನೀ ಒಣಾ ಮಾಡ್ಕೋ, ಬಿಸೀದು ಕುಡಿ, ಆಮ್ಯಾಲೆ ಉಳಿದದ್ದು. ಸಂಜಿಗೊಮ್ಮೆ ಮೆಸೇಜು ಹಾಕು. ದಾರಿ ಸರಿ ಇಲ್ಲಂದ್ರ ವಾಪಸ್ ಬಾ, ಯಾರೂ ನಗೂದಿಲ್ಲ." ಅಷ್ಟು ಹೇಳಿ ಕಿಟಕಿಯ ಕಡೆ ತಿರುಗಿದಳು.

ಆಗಸ್ಟಿನಲ್ಲಿ, ಐಲ್ ರಾಯಲ್‌ಗೆ ದೋಣಿ ಹೊರಡುವ ಕಾಪರ್ ಹಾರ್ಬರಿನ ದೋಣಿಕಟ್ಟೆಗೆ ನಾನೂ ಹೋಗಿದ್ದೆ. ಇಂಥ ಹೊತ್ತಿನಲ್ಲಿ ಪ್ರಭಕ್ಕನ ಪಕ್ಕ ಯಾರಾದರೂ ಬೇಕಲ್ಲ. ಹುಳಕ್ಕೆ ಹೆದರುವ ಬಸಯ್ಯನವರೂ ಬಂದು, ಕಾರಿನಿಂದ ಇಳಿಯುತ್ತಲೇ ಮೈಗೆಲ್ಲ ಸ್ಪ್ರೇ ಹೊಡೆದುಕೊಂಡು ಘಮಘಮಿಸುತ್ತಿದ್ದರು. ಬೆಳಗಿನ ಬಿಸಿಲು, ನೀರು ತಣ್ಣಗೆ ಹೊಳೆಯುತ್ತಿತ್ತು. ಜನ ಸಾಲಾಗಿ ದೋಣಿ ಹತ್ತುತ್ತಿದ್ದರು. ದೋಣಿಯವನು ಒಮ್ಮೆ ಕೂಗಿದ. ಮೇಧಾ ಚೀಲವನ್ನು ಕಾಲಬಳಿ ಇಟ್ಟು ತಾಯಿಯ ಮುಖ ನೋಡಿದಳು.

"ಅಮ್ಮಾ, ಆರ್ ಯು ಓಕೆ?"

ಮತ್ತೆ "ಏನಿಲ್ಲ" ಅನ್ನುತ್ತಾಳೆ ಎಂದುಕೊಂಡೆ. ಪ್ರಭಕ್ಕ ಮಗಳ ಎರಡೂ ಕೈ ಹಿಡಿದುಕೊಂಡಳು.

"ಇಲ್ಲವ್ವ. ಭಾಳ ಹೆದರಿಕಿ ಆಗೈತಿ. ನೀ ಹೋಗಿ ಬಾ."

ಮೇಧಾ ಅವಳನ್ನು ಬಿಗಿಯಾಗಿ ತಬ್ಬಿಕೊಂಡಳು, ಚೀಲ ಹೆಗಲಿಗೇರಿಸಿದಳು, ದೋಣಿ ಹತ್ತಿದಳು.